ಮೂರನೆಯ ಭಾಗದಲ್ಲಿ ಸತ್ತ ಅಣ್ಣ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಹಾಗಂತ ಓದು ಬಿಟ್ಟವನಲ್ಲ. ಚಾಮರಾಜಪೇಟೆಯ ನಮ್ಮ ಅಂಗಡಿಗೆ ಪಂಪು ರಿಪೇರಿಗೆ ತಂದ ಮೇಷ್ಟ್ರುಗಳ ಜೊತೆ ಪುಸ್ತಕದ ವಿಷಯಕ್ಕೆ ವಾದ ಮಾಡಿ ಗೆದ್ದಿದ್ದೇನೆ. ಸುಟ್ಟ ಮೋಟಾರಿನ ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವುದು ನನ್ನ ಮತ್ತು ನನ್ನ ಅಣ್ಣನ ಕೆಲಸವಾಗಿತ್ತು. ಒಂದೇ ಬೆಂಚು, ಮೂವತ್ತು ವರ್ಷ.

ಅಣ್ಣ ತಂತಿ ಸುತ್ತಲು ಕೂತರೆ ಮಾತಾಡುವಂತಿರಲಿಲ್ಲ, ಸುತ್ತಿನ ಲೆಕ್ಕ ತಪ್ಪುತ್ತಿತ್ತು. ಸುತ್ತಿದ ತಂತಿಗೆ ಹಚ್ಚಿದ ವಾರ್ನಿಷ್ ಒಣಗಲು ಬಿಟ್ಟಾಗಲೇ ಬಿಡುವು. ಆಗ ನಾನು ಗಟ್ಟಿಯಾಗಿ ಓದುತ್ತಿದ್ದೆ. ಬಿ.ಕಾಂ. ಓದುವ ನನ್ನ ಮಗಳು ತಂದುಕೊಟ್ಟ ಪುಸ್ತಕಗಳು; ಅವಳ ವಯಸ್ಸಿನವರಿಗೆ ಬರೆದವು, ಇಂಗ್ಲಿಷಿನಿಂದ ಕನ್ನಡಕ್ಕೆ ಬಂದವು; ಭಾಗ ಭಾಗವಾಗಿ ಬರುವ ಒಂದೇ ಕತೆ. ಎಂದೋ ಮುಂದೆ ಬರುವ ಕಾಲದ ಒಂದು ಊರು. ಸುತ್ತ ಗೋಡೆ. ಹದಿನಾರು ತುಂಬಿದ ಮಕ್ಕಳನ್ನೆಲ್ಲ ನೆಲದಡಿಯ ಪಂಪುಗಳಲ್ಲಿ ದುಡಿಯಲು ಇಳಿಸಿಬಿಡುತ್ತಾರೆ. ಒಬ್ಬ ಹುಡುಗಿ, ಅವಳ ಅಣ್ಣ ತಿರುಗಿ ಬೀಳುತ್ತಾರೆ.

"ಅಷ್ಟು ಆಳದಿಂದ ಆ ಮೋಟಾರು ನೀರು ಎತ್ತಲ್ಲ ಕಣೋ. ಬರೆದೋರು ಪಂಪೇ ನೋಡಿಲ್ಲ," ಅನ್ನುತ್ತಿದ್ದ ಅಣ್ಣ. ಆದರೂ ವಾರ್ನಿಷ್ ಒಣಗಿದ ಮೇಲೂ "ಇನ್ನೊಂದೆರಡು ಪುಟ ಓದು" ಅನ್ನುತ್ತಿದ್ದ.

ಎರಡನೆಯ ಭಾಗದ ಕೊನೆಗೆ ಮುದುಕನೊಬ್ಬ ಮಕ್ಕಳನ್ನು ಹೊರಗೆ ಕಳಿಸಿ, ನೀರು ನುಗ್ಗುವ ಕೋಣೆಯ ಬಾಗಿಲನ್ನು ಒಳಗಿಂದ ಹಾಕಿಕೊಳ್ಳುತ್ತಾನೆ. ನನಗೆ ಓದಲು ಆಗಲಿಲ್ಲ. ಅಣ್ಣ ನಕ್ಕ. "ಥೂ, ಕಣ್ಣೊರೆಸ್ಕೊಳೋ. ಗಿರಾಕಿ ಬಂದ್ರೆ ನಾನೇ ಹೊಡ್ದೆ ಅಂದ್ಕೋತಾರೆ."

ಕಳೆದ ಕಾರ್ತಿಕದಲ್ಲಿ ಅಣ್ಣ ತೀರಿಕೊಂಡ. ಎದೆನೋವು ಅಂದವನು ಆಸ್ಪತ್ರೆ ಮುಟ್ಟಲಿಲ್ಲ. ನಾನು ಅಳಲಿಲ್ಲ. ಗಟ್ಟಿ ಗುಂಡಿಗೆ ಎಂದು ನೆಂಟರು ಹೊಗಳಿದರು. ನಾನೂ ಹಾಗೇ ಅಂದುಕೊಂಡೆ. ತಿಂಗಳುಗಳು ಹೋದವು. ಊಟಕ್ಕೆ ಉಪ್ಪಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಗಿರಾಕಿಗಳ ಮಾತು ಪಕ್ಕದ ಮನೆಯ ಟಿವಿಯ ಹಾಗೆ ಕೇಳಿಸುತ್ತಿತ್ತು. ಕೆಲಸ ಮಾತ್ರ ಒಂದೂ ಕೆಡಲಿಲ್ಲ.

ಅಷ್ಟರಲ್ಲಿ ಮೂರನೆಯ ಭಾಗ ಬಂತು. ಅವೆನ್ಯೂ ರಸ್ತೆಗೆ ತಾಮ್ರದ ಸಾಮಾನಿಗೆ ಹೋದವನು ಕೊಂಡು ತಂದೆ. ಇದನ್ನು ಓದಿದರಾದರೂ ಅಳು ಬಂದೀತು ಎಂಬ ಆಸೆ ಇತ್ತು, ಸುಳ್ಳೇಕೆ ಹೇಳಲಿ.

ಅರ್ಧ ಪುಸ್ತಕ ಆ ಹುಡುಗಿ ಗಾಯವಾಗಿ ಒಂದು ಕೋಣೆಯಲ್ಲಿ ಮಲಗಿರುತ್ತಾಳೆ. ಜಗಳವೆಲ್ಲ ಹೊರಗೆ. ಯಾರೋ ಬಂದು ಹೀಗಾಯಿತು, ಹಾಗಾಯಿತು ಎಂದು ವರದಿ ಒಪ್ಪಿಸುತ್ತಾರೆ. ನೆನಪಿಡಲಾಗದಷ್ಟು ಹೊಸ ಹೆಸರುಗಳು. ಹಾಗೇ ಒಬ್ಬ ಬಂದು, "ನಿನ್ನ ಅಣ್ಣ ಇನ್ನಿಲ್ಲ" ಅನ್ನುತ್ತಾನೆ. ಅವಳು ನಕ್ಷೆ ನೋಡುತ್ತಾ, ಪಡುವಣ ಬಾಗಿಲಲ್ಲಿ ಕಾವಲುಗಾರರು ಎಷ್ಟು ಜನ ಎಂದು ಕೇಳುತ್ತಾಳೆ. ಅಧ್ಯಾಯ ಮುಗಿಯಿತು.

ನನಗೆ ಏನೂ ಆಗಲಿಲ್ಲ. ಮೂರು ಸಲ ಓದಿದೆ. ನಾಲ್ಕನೇ ಸಲ ಅಣ್ಣನ ಸ್ಟೂಲಿನ ಕಡೆ ತಿರುಗಿ ಗಟ್ಟಿಯಾಗಿ ಓದಿದೆ. ಏನೂ ಇಲ್ಲ. ಆಗ ಹೆದರಿಕೆಯಾಯಿತು. ನನ್ನೊಳಗೇ ಏನೋ ಸುಟ್ಟುಹೋಗಿದೆ ಅನ್ನಿಸಿತು. ಯಾರಿಗೂ ಹೇಳಲಿಲ್ಲ. ಪುಸ್ತಕ ಮಗಳ ಮೇಜಿನ ಮೇಲಿಟ್ಟೆ.

ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ತರಕಾರಿ ಕೊಂಡು, ನಾನೂ ಮಗಳೂ ಹೋಟೆಲಿನಲ್ಲಿ ನಿಂತು ಕಾಫಿ ಕುಡಿಯುತ್ತಿದ್ದೆವು.

"ಅಪ್ಪ, ಮೂರನೇದು ಓದ್ದೆ. ಡಬ್ಬಾ."

"ಯಾಕೆ?"

"ಯಾಕೆ ಅಂದ್ರೆ? ಅವ್ಳು ಏನ್ ಮಾಡ್ತಾಳೆ ಹೇಳು. ಬರೀ ಮಲ್ಕೊಂಡಿರ್ತಾಳೆ. ಮೊದಲ್ನೇದ್ರಲ್ಲಿ ಪಂಪು ನಿಂತ್ರೆ ಊರೇ ಸತ್ತೋಗುತ್ತೆ ಅಂದ್ರು, ಇಲ್ಲಿ ಹತ್ತು ದಿನ ನಿಂತ್ರೂ ಎಲ್ರೂ ಸ್ನಾನ ಮಾಡ್ತಿದಾರೆ!"

"ಅವಳ ಅಣ್ಣ ಸತ್ತಾಗ ನಿಂಗೆ ಅಳು ಬಂತಾ?"

"ಎಲ್ಲಿಂದ ಬರುತ್ತೆ? ಎರಡು ಲೈನು. ಅದೂ ಸುಳ್ಳು. ಅಣ್ಣ ಸತ್ತ ಅಂತ ಕೇಳಿ ಯಾರಾದ್ರೂ ಮ್ಯಾಪ್ ನೋಡ್ಕೊಂಡು ಕೂರ್ತಾರಾ?"

ಅವಳಿಗೂ ಅಳು ಬಂದಿಲ್ಲ ಎಂದು ಕೇಳಿ ನನ್ನ ಜೀವ ಒಂದಿಷ್ಟು ಹಗುರವಾಯಿತು. ಆದರೆ ಅವಳ ಕೊನೆಯ ಮಾತನ್ನು ಒಪ್ಪಿಕೊಳ್ಳಲು ಆಗಲಿಲ್ಲ.

"ಕೂರ್ತಾರೆ," ಅಂದೆ. "ಅದು ಸುಳ್ಳಲ್ಲ. ದೊಡ್ಡಪ್ಪ ಹೋದ್ರು ಅಂತ ನೀನು ಫೋನ್ ಮಾಡ್ದಾಗ ನಾನು ಮಲ್ಲೇಶ್ವರದಲ್ಲಿ ಪಂಪು ಕೂರಿಸ್ತಿದ್ದೆ. ಬಂದೆ ಅಂದೆ. ಇನ್ನು ನಾಲ್ಕು ಬೋಲ್ಟ್ ಇತ್ತು. ಬಿಗಿ ಮಾಡ್ದೆ."

ಅವಳು ಲೋಟ ಕೆಳಗಿಟ್ಟಳು. "ಆಮೇಲೆ?"

"ಸ್ವಿಚ್ ಹಾಕ್ದೆ. ನೀರು ಹತ್ತಿತು. ಸೌಂಡ್ ಬಂದ್ರೆ ಹೇಳಿ ಅಂತ ಮನೆಯವ್ರಿಗೆ ಹೇಳ್ದೆ. ಸಾಮಾನು ಒರೆಸಿ ಚೀಲಕ್ಕೆ ಹಾಕ್ದೆ."

"ಆಮೇಲೆ?"

"ಸ್ಕೂಟರ್ ಸ್ಟಾರ್ಟ್ ಆಗ್ಲಿಲ್ಲ. ಮಾರ್ಕೆಟ್‌ವರೆಗೂ ತಳ್ಕೊಂಡು ಹೋದೆ. ಆಮೇಲೆ ನೋಡ್ಕೋತೀನಿ, ಕೀನೇ ತಿರುಗ್ಸಿರ್ಲಿಲ್ಲ."

ಅವಳು ನಗಲಿಲ್ಲ. ನನ್ನ ದನಿ ಏರಿತ್ತು. ಪಕ್ಕದಲ್ಲಿ ಇಡ್ಲಿ ತಿನ್ನುತ್ತಿದ್ದವರು ತಿರುಗಿ ನೋಡಿದರು. "ಅದನ್ನ ಬರೀಬೇಕಿತ್ತು ಅವ್ರು," ಅಂದೆ. "ನಕ್ಷೆ ನೋಡ್ಲಿ, ಬೇಡ ಅನ್ನಲ್ಲ. ಆಮೇಲೇನಾಯ್ತು ಅಂತ ಒಬ್ರೂ ಅವಳನ್ನ ಕೇಳಲ್ವಲ್ಲ, ಪುಸ್ತಕ ಮುಗಿಯೋವರೆಗೂ!"

ಮಗಳು ನನ್ನ ಕೈ ನೋಡಿದಳು. ನಂತರ ಹೇಳಿದಳು: "ಅವತ್ತು ನೀನು ಮನೆ ಬಾಗಿಲಲ್ಲೇ ನಿಂತ್ಬಿಟ್ಟಿದ್ದೆ. ಕೈ ತುಂಬ ಗ್ರೀಸು. ದೊಡ್ಡಪ್ಪನ್ನ ಮುಟ್ಟೋಕಾಗಲ್ಲ, ಕೈ ಗಲೀಜು ಅಂದೆ. ನಾನೇ ಸೋಪ್ ಹಾಕಿ ತೊಳ್ದೆ."

ನನಗೆ ಅದು ನೆನಪೇ ಇರಲಿಲ್ಲ. ಈಗಲೂ ಇಲ್ಲ. ಅವಳು ಹೇಳಿದ್ದರಿಂದ ನಂಬಿದ್ದೇನೆ.