ಪರದೆ ಎಳೆದ ಕೋಣೆಯ ಮಗ್ಗ

ಸುಣ್ಣ ಹಾಕಿ ಬೇಯಿಸಿದ ಮೆಕ್ಕೆಜೋಳದ ವಾಸನೆ ಎಲ್ಲಿ ಮೂಗಿಗೆ ತಾಕಿದರೂ ನಾನು ಮತ್ತೆ ಅಮೆರಿಕದ ಓಕ್‌ಲ್ಯಾಂಡಿನ ಆ ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ನಿಂತಿರುತ್ತೇನೆ. ನಿಮ್ಮನ್ನೂ ಎಲ್ಲಿಗೋ ಒಯ್ಯುವ ಅಂಥದೊಂದು ವಾಸನೆ ಇದ್ದೀತು. ಎಂಬತ್ತರ ದಶಕದ ನಡುವಿನ ವರ್ಷಗಳು. ನನಗಾಗ ಹತ್ತು ವರ್ಷ. ನಮ್ಮ ಮನೆಯ ಒಗ್ಗರಣೆಯೂ ಪಕ್ಕದ ಮನೆಯ ಆ ಹಬೆಯೂ ಹೊರಹೋಗಲು ದಾರಿಯಿಲ್ಲದೆ ಮಧ್ಯಾಹ್ನವೆಲ್ಲ ಅಲ್ಲೇ ಸುತ್ತುತ್ತಿದ್ದವು. ಇದ್ದೊಂದು ಕಾರು ತೆಗೆದುಕೊಂಡು ಅಪ್ಪ ಆಫೀಸಿಗೆ ಹೋದರೆ ಸಂಜೆವರೆಗೂ ಅಮ್ಮನಿಗೆ ನಾಲ್ಕು ಗೋಡೆಯೇ ಗತಿ. ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಚಿತ್ರಕಲೆ ಕಲಿಸುತ್ತಿದ್ದವಳು, ಇಲ್ಲಿಯ ವೀಸಾದಲ್ಲಿ ಕೆಲಸಕ್ಕೆ ಹೋಗುವ ಹಾಗಿರಲಿಲ್ಲ.

ಪಕ್ಕದವರು ಗ್ವಾಟೆಮಾಲಾದ ಯುದ್ಧದಿಂದ ತಪ್ಪಿಸಿಕೊಂಡು ಬಂದ, ಅಲ್ಲಿಯ ಮೂಲನಿವಾಸಿಗಳಾದ ಮಾಯಾ ಜನ, ಕಾಗದಪತ್ರ ಇಲ್ಲದವರು. ತಂದೆತಾಯಿ ಕೆಲಸಕ್ಕೆ ಹೋದಾಗ ಮಗಳು ಮಾರ್ತಾ ಪರದೆ ಎಳೆದು, ಚಿಲಕ ಹಾಕಿಕೊಂಡು, ಪುಟ್ಟ ತಮ್ಮನ ಜೊತೆ ಒಳಗೇ ಇರಬೇಕಿತ್ತು. ಯಾರಾದರೂ ಹಿಡಿದುಕೊಟ್ಟಾರೆಂಬ ಭಯಕ್ಕೆ ಅವಳನ್ನು ಸ್ಕೂಲಿಗೂ ಸೇರಿಸಿರಲಿಲ್ಲ. ಮಗ್ಗದ ಒಂದು ತುದಿಯನ್ನು ಬಾಗಿಲ ಹಿಡಿಗೆ ಕಟ್ಟಿ, ಇನ್ನೊಂದನ್ನು ಪಟ್ಟಿಯಿಂದ ಸೊಂಟಕ್ಕೆ ಬಿಗಿದುಕೊಂಡು ನೆಲದ ಮೇಲೆ ಕೂತು ನೇಯುತ್ತಿದ್ದಳು. ಚಕ್ಕುಲಿ ಕೊಡಲು ಹೋದ ಅಮ್ಮ ತಟ್ಟೆ ಹಿಡಿದುಕೊಂಡೇ ಅಲ್ಲಿ ಕೂತುಬಿಟ್ಟಳು. ಅಲ್ಲಿಂದ ಮುಂದೆ ದಿನಾ ಮಧ್ಯಾಹ್ನ ಅಮ್ಮ ಅವಳಿಗೆ ಬಣ್ಣ ಬೆರೆಸುವುದನ್ನು ಹೇಳಿಕೊಡುತ್ತಿದ್ದಳು, ಅವಳು ಅಮ್ಮನಿಗೆ ನೂಲಿನಲ್ಲಿ ಹಕ್ಕಿ ಮೂಡಿಸುವುದನ್ನು. ಟೀವಿ ನೋಡಿ ಮಾರ್ತಾ ಕಲಿತಿದ್ದ ಇಂಗ್ಲಿಷೇ ಇಬ್ಬರಿಗೂ ಸಾಕಾಗಿತ್ತು.

ಹತ್ತಿರದ ಚರ್ಚಿನಲ್ಲಿ ಮಕ್ಕಳಿಗೆ ಕಲೆ ಕಲಿಸುವ ಟೀಚರೊಬ್ಬರು, ಅಮ್ಮ ಒಯ್ದು ತೋರಿಸಿದ ಆ ನೇಯ್ಗೆ ನೋಡಿ, ಬೇಸಿಗೆಯ ಕಲಾಶಾಲೆಗೆ ಅವಳನ್ನು ಸೇರಿಸಿಕೊಳ್ಳುತ್ತೇವೆ, ಮನೆ ಅಡ್ರೆಸ್ಸು ಮತ್ತು ಜವಾಬ್ದಾರಿ ಹೊರುವ ಒಬ್ಬ ಹಿರಿಯರು ಬೇಕು ಅಂದರು. ಮಾರ್ತಾಳ ಮನೆಯವರಿಗೆ ತಮ್ಮ ಅಡ್ರೆಸ್ಸು ಕೊಡಲು ಧೈರ್ಯ ಸಾಲಲಿಲ್ಲ. ಊಟದ ಹೊತ್ತಿನಲ್ಲಿ ಅಮ್ಮ ಅಪ್ಪನಿಗೆ ಹೇಳಿದಳು, "ನಮ್ಮ ಅಡ್ರೆಸ್ಸು ಕೊಡೋಣ ರೀ. ನನ್ನ ಮಗಳ ಥರ ನಾನೇ ಕರ್ಕೊಂಡು ಹೋಗ್ತೀನಿ."

ಅಪ್ಪ ಕಲೆಸಿದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದರು. "ಗ್ರೀನ್ ಕಾರ್ಡು ಇನ್ನೂ ಬಂದಿಲ್ಲ ಕಣೇ. ಯಾರಾದ್ರೂ ವಿಚಾರಿಸ್ಕೊಂಡು ಬಂದ್ರೆ ನಮ್ಮನ್ನೂ ವಾಪಸ್ಸು ಕಳಿಸ್ತಾರೆ."

ಅಪ್ಪ ಕೆಟ್ಟವರಲ್ಲ, ಹೆದರಿದ್ದರು. ಮರುದಿನ, ಅಡ್ರೆಸ್ಸು ಕೊಡಲಾಗದೆಂದು ಅಮ್ಮ ಹೇಳಿದ್ದನ್ನು ಕೇಳಿ ಮಾರ್ತಾ ತಲೆಯಾಡಿಸಿ, ಹಿಂದಕ್ಕೆ ವಾಲಿ ನೂಲನ್ನು ಬಿಗಿ ಮಾಡಿಕೊಂಡಳು.

ಆ ಬೇಸಿಗೆ ಅವಳೇ ಬಿಲ್ಡಿಂಗಿನ ನಾಲ್ಕೈದು ಮಾಯಾ ಮಕ್ಕಳನ್ನು ಕೂಡಿಸಿ ಕಲಿಸಿದಳು. ಒಬ್ಬನ ಮಗ್ಗ ಮಂಚದ ಕಾಲಿಗೆ, ಇನ್ನೊಬ್ಬಳದು ಸಿಂಕಿನ ಪೈಪಿಗೆ. ಕಿಟಕಿ ಮುಚ್ಚಿದ ಆ ಸೆಕೆಯಲ್ಲಿ ಉಣ್ಣೆಯ ನೂಲು ಬೆವರಿಗೆ ಅಂಟುತ್ತಿತ್ತು. ಯಾರೂ ಜೋರಾಗಿ ನಗುವಂತಿರಲಿಲ್ಲ. ಆದರೂ ಸಂಜೆ ಹೊತ್ತಿಗೆ ಒಂದೊಂದು ಮಡಿಲಲ್ಲೂ ಕೆಂಪು, ಹಳದಿ ಹಕ್ಕಿಗಳು ಮೂಡಿರುತ್ತಿದ್ದವು. ಅಮ್ಮ ಅಷ್ಟು ಖುಷಿಯಾಗಿದ್ದನ್ನು ಆ ದೇಶದಲ್ಲಿ ನಾನು ಮತ್ತೆ ನೋಡಲಿಲ್ಲ.

ಚಳಿ ಶುರುವಾದ ಮೇಲೆ ಒಂದು ಭಾನುವಾರ ನಾವು ಲಿವರ್‌ಮೋರ್ ಊರಿನ ದೇವಸ್ಥಾನದಿಂದ ವಾಪಸ್ಸು ಬಂದಾಗ ಪಕ್ಕದ ಮನೆ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಮಾರ್ತಾಳ ತಂದೆ ಕೆಲಸ ಮಾಡುವಲ್ಲಿಗೆ ವಲಸೆ ಇಲಾಖೆಯ ಅಧಿಕಾರಿಗಳು ಬಂದಿದ್ದರಂತೆ. ಸುದ್ದಿ ಕೇಳಿ ಎಲ್ಲರೂ ಹೊರಟುಹೋಗಿದ್ದರು. ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ವರ್ಷ ನಮ್ಮ ಗ್ರೀನ್ ಕಾರ್ಡು ಬಂತು. ಅಪ್ಪ ಬೂಟು ಕಳಚುವ ಮೊದಲೇ ಸುದ್ದಿ ಹೇಳಿದರು. ಅಮ್ಮ ಸ್ಟವ್ವು ಆರಿಸಿ, "ಈಗ ಬಂತಾ?" ಅಂದಳು, ಅಷ್ಟೇ. ಅಪ್ಪ ಒಂದು ಸಲ ಪಕ್ಕದ ಮನೆ ಬಾಗಿಲ ಕಡೆ ತಿರುಗಿ ನೋಡಿ, ಬಗ್ಗಿ ಬೂಟು ಕಳಚಿದರು. ಇವತ್ತು ಇಬ್ಬರೂ ಇಲ್ಲ. ಮಾರ್ತಾಳ ಸುದ್ದಿ ಅವರಿಗೆ ಕೊನೆವರೆಗೂ ಸಿಗಲಿಲ್ಲ.