ಮಂಡಿನೋವೂ ನಾಲ್ಕಂಕಿಯ ಗುಟ್ಟೂ

ಪಕ್ಕದ ಮನೆಯ ಮಾತಿಗೆ ನೀವು ಯಾವತ್ತೂ ಕಿವಿಗೊಟ್ಟೇ ಇಲ್ಲವೆ? ನಿಜ ಹೇಳಿ.

ನಾನಂತೂ ಕೇಳಿದ್ದೇನೆ, ಅದೂ ಆರು ತಿಂಗಳು. ಆಗ ನಾವು ಹೊಳೆನರಸೀಪುರದಲ್ಲಿದ್ದೆವು. ಪಕ್ಕದ ಮನೆಯಾಕೆ ಹಾಸನದಿಂದ ಕಾರ್ಡ್‌ಲೆಸ್ ಫೋನು ತಂದರು. ಹೊಟ್ಟೆಕಿಚ್ಚಾಗಿ ನಾನೂ ಅದೇ ಅಂಗಡಿಯಿಂದ ಅಂಥದ್ದೇ ತರಿಸಿದೆ. ಗೋಡೆಯ ತಂತಿಗೆ ಸೇರಿದ ಪೀಠ ಮೇಜಿನ ಮೇಲೆ; ತಂತಿಯಿಲ್ಲದ ರಿಸೀವರು ಹಿಡಿದು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಲೇ ಮಾತಾಡಬಹುದು. ಒಂದು ದಿನ ಎತ್ತಿದರೆ, ಆಕೆ ಬಾಗೂರಿನ ತಂಗಿಯ ಹತ್ತಿರ ಮಂಡಿನೋವು ತೋಡಿಕೊಳ್ಳುತ್ತಿದ್ದಾರೆ! ಇಡಬೇಕಿತ್ತು. ಇಡಲಿಲ್ಲ. ಮರುದಿನ ಏನೂ ಅರಿಯದವಳಂತೆ ನೋವಿನೆಣ್ಣೆ ಕೊಟ್ಟು ಬಂದೆ.

ಅರಕಲಗೂಡಿಗೆ ಕೊಟ್ಟ ನನ್ನ ಮಗಳಿಗೆ ಎರಡು ಸಲ ಬಸಿರು ನಿಂತಿರಲಿಲ್ಲ. ಮೂರನೆಯ ಸಲ ಫೋನಿನಲ್ಲಿ ಪಿಸುಗುಟ್ಟಿದಳು: "ಮೂರ್ ತಿಂಗ್ಳು ತುಂಬೋಗಂಟ ಯಾರ್ಗೂ ಏಳ್ಬೇಡ ಕಣಮ್ಮ. ಆಮೇಲೆ ಎಲ್ರೂ ಬಂದು ಅಯ್ಯೋ ಅನ್ನೋದ್ನ ನಾನ್ ಕೇಳಕಾಗಲ್ಲ." ಆಮೇಲೆ ಇನ್ನೂ ಸಣ್ಣಗೆ, "ಉಣಸೇ ತೊಕ್ಕು ತಿನ್ನಂಗಾಗೈತೆ."

ದೇವರಾಣೆ, ನಾನು ಬಾಯಿ ಬಿಡಲಿಲ್ಲ.

ಎರಡೇ ದಿನಕ್ಕೆ ಪಕ್ಕದಾಕೆ ಜಾಡಿ ಹಿಡಿದು ಬಂದರು. ಹುಣಸೆ ತೊಕ್ಕು! "ಅರಕಲಗೂಡಿಗೆ ಓದಾಗ ತಗಂಡೋಗಿ" ಎಂದಷ್ಟೇ ಹೇಳಿ ಹೊರಟರು. ಜಾಡಿಯನ್ನೊಮ್ಮೆ, ಫೋನನ್ನೊಮ್ಮೆ ನೋಡಿದೆ. ಅವರ ಮಾತು ನನಗೆ ಕೇಳಿದರೆ ನನ್ನದೂ ಅವರಿಗೆ ಕೇಳುತ್ತದೆ ಎಂಬುದು ಈ ಬುದ್ಧಿವಂತೆಗೆ ಹೊಳೆದೇ ಇರಲಿಲ್ಲ.

ಪೀಠವನ್ನೂ ರಿಸೀವರನ್ನೂ ಚೀಲಕ್ಕೆ ತುಂಬಿ ಹಾಸನದ ಬಸ್ಸು ಹತ್ತಿದೆ. ಅಂಗಡಿಯವರು ಕೇಳಿ ನಕ್ಕರು. "ನಿಮ್ದು, ಪಕ್ಕದೋರ್ದು ಎರಡ್ರಲ್ಲೂ ಕಂಪ್ನಿಯೋರ್ ಆಕಿದ್ ಒಂದೇ ಗುಟ್ಟಿನ ನಂಬರ್ ಐತೆ ಕಣಮ್ಮ, ಅದ್ಕೇ ಮಾತು ಬೆರಿತೈತೆ. ಬದಲಾಯಿಸ್ಕಬೇಕು." ರಿಸೀವರನ್ನು ಪೀಠದ ಮೇಲೆ ಕೂರಿಸಿ, ಗುಂಡಿ ಒತ್ತಿ ಹಿಡಿದು, "ಯಾರ್ಗೂ ತಿಳೀದಿರೋ ನಾಕು ಅಂಕಿ ಒತ್ತಿ" ಎಂದು ಬೆನ್ನು ತಿರುಗಿಸಿ ನಿಂತರು. ಒತ್ತಿದೆ. ಕೀಂ ಎಂದಿತು. ಇನ್ನು ನನ್ನ ಪೀಠ, ರಿಸೀವರು ಎರಡೂ ಒಂದರ ಮಾತು ಇನ್ನೊಂದೇ ಕೇಳುವ ಜೋಡಿ.

ಮೂರು ತಿಂಗಳು ತುಂಬಿತು. ಅಂದಿನ ಆ ಗುಟ್ಟೇ ಇಂದು ನನಗೆ ಮೊಬೈಲಿನಲ್ಲಿ ಟೈಪು ಕಲಿಸಿದ ಮೊಮ್ಮಗಳು. ಅಲ್ಲಿಯವರೆಗೂ ಬೀದಿಯಲ್ಲಿ ಒಬ್ಬರ ಬಾಯಲ್ಲೂ ಸುದ್ದಿಯಿರಲಿಲ್ಲ. ಪಕ್ಕದಾಕೆ ಯಾರಿಗೂ ಹೇಳಿರಲಿಲ್ಲ. ಸಕ್ಕರೆ ಬಟ್ಟಲು ಹಿಡಿದು ಹೋಗಿ ಬಸಿರಿನ ಸುದ್ದಿ ಹೇಳಿದೆ. ನಂಬರು ಬದಲಿಸಿದ್ದನ್ನೂ, ಮಂಡಿನೋವು ಕದ್ದು ಕೇಳಿದ್ದನ್ನೂ ಒಪ್ಪಿಕೊಂಡೆ.

ಆಕೆ ಸಕ್ಕರೆ ಬಾಯಿಗೆ ಹಾಕಿಕೊಂಡು ಅಂದರು: "ಎಣ್ಣೆ ತಂದಾಗ್ಲೇ ಗೊತ್ತಾಯ್ತು ಬುಡಿ! ನಂಬರ್ ಆಕ್ಸಿದ್ದು ಒಳ್ಳೇದೇ. ಕೂಸು ಉಟ್ಟಿ ಫೋನ್ನಾಗೆ ಅಳೋ ದಿವ್ಸ ಮಾತ್ರ ಆ ನಂಬರ್ ತೆಗ್ದ್‌ಬುಡಿ, ನಾನೂ ಕೇಳ್ಬೇಕು ಕಣ್ರಮ್ಮ."