ನಾಲ್ಕು ಲೋಟ ಚಹಾ ಮತ್ತು ನಮ್ಮ ಬಿಸಿನೀರಿನ ಪೈಪು

ಮೊನ್ನೆ ಗಚ್ಚಿಯ ಮೇಲೆ ಹಪ್ಪಳ ಒಣಹಾಕಿದ್ದೆ. ತಾಸು ಬಿಟ್ಟು ಹೋಗಿ ನೋಡುತ್ತೇನೆ, ಎಲ್ಲದರ ಮೇಲೂ ಕರೀ ಕರೀ ಚೂರು! ಎಳ್ಳು ಉದುರಿಸಿದಂತಿತ್ತು. ಒಂದನ್ನು ಎತ್ತಿ ಮೂಸಿದರೆ ಬಿಸಿಲಿಗೆ ಕಾದ ರಬ್ಬರಿನ ವಾಸನೆ. ನಮ್ಮ ಸೋಲಾರ್ ಪೈಪಿನ ಕರೀ ಅಂಗಿ ಹರಿದಿತ್ತು, ಕಾಗೆಯೊಂದು ಆರಾಮಾಗಿ ಅದನ್ನು ಕುಕ್ಕುತ್ತ ಕೂತಿತ್ತು. ನಿಮಗಿದು ಹಳೇ ಪೈಪಿನ ಸುದ್ದಿ. ನನಗೆ ಮಾತ್ರ ಅದು ನನ್ನ ಸಂಸಾರದ ಅತಿ ದೊಡ್ಡ ವಿಜಯದ ಗುರುತು. ಹದಿನಾಲ್ಕು ವರ್ಷ ಮನೆಗೆ ಬಂದವರನ್ನೆಲ್ಲ ಗಚ್ಚಿ ಹತ್ತಿಸಿ ತೋರಿಸಿದ್ದೇನೆ.

ಅದಕ್ಕೂ ಮೊದಲು ಬೆಳಗಾವಿ ಟಿಳಕವಾಡಿಯ ನಮ್ಮ ಮನೆಯ ಬಚ್ಚಲಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ಕಟ್ಟಿಗೆ ಒಲೆ. ಅದು ನಮ್ಮ ಅತ್ತೆಯ ರಾಜ್ಯ. ಬೆಳಗ್ಗೆ ಎಲ್ಲರಿಗಿಂತ ಮೊದಲೆದ್ದು ಒಲೆ ಹಚ್ಚಿ, ತಾವು ಜಳಕ ಮಾಡಿ ಲಿಂಗಪೂಜೆ ಮುಗಿಸಿ, ಆಮೇಲೆ ಒಬ್ಬೊಬ್ಬರನ್ನೇ ಕೂಗಿ ನೀರು ಬಿಡುತ್ತಿದ್ದರು. ಹೊಗೆಗೆ ಅವರ ಕಣ್ಣು ಕೆಂಪಗೆ ಉರಿಯುತ್ತಿದ್ದವು. ಡಾಕ್ಟರರು ಒಲೆಯ ಮುಂದೆ ಕೂಡಬೇಡಿ ಎಂದರೆ ಇವರು ತಲೆ ಆಡಿಸಿ ಬಂದು ಮತ್ತೆ ಊದುಕೊಳವೆ ಹಿಡಿಯುವವರು. ನಾನೋ ಹುಡುಗಿಯರ ಸಾಲಿಯಲ್ಲಿ ವಿಜ್ಞಾನ ಕಲಿಸುವಾಕೆ. ಸುಮ್ಮನಿರಲಿಲ್ಲ. ಗಂಡನನ್ನು ಒಪ್ಪಿಸಿದೆ, ಒಲೆ ಒಡೆಸಿದೆ, ಗಚ್ಚಿಯ ಮೇಲೆ ಸೋಲಾರ್ ಕೂಡಿಸಿದೆ. ಓಣಿಯಲ್ಲಿ ನಮ್ಮದೇ ಮೊದಲನೆಯದು. ಓಣಿಯ ತುಂಬ ಹೇಳಿಕೊಂಡು ತಿರುಗಿದೆ ಕೂಡ.

ಅತ್ತೆ ಜಗಳ ಆಡಲಿಲ್ಲ. "ಛಲೋ ಆತು ಬಿಡವಾ. ಒಂದು ದಿನಾ ತಣ್ಣೀರು ಬಂತಂದ್ರ ನನ್ನ ಒಲಿ ನನಗ ಕಟ್ಟಿಸಿ ಕೊಡಬೇಕು ನೋಡು" ಅಂದರು.

"ಕಟ್ಟಿಸಿ ಕೊಡ್ತೀನ್ರೀ ಅತ್ತಿ!" ಅಂದುಬಿಟ್ಟೆ. ಆಮೇಲೆ ಗಚ್ಚಿ ಹತ್ತಿ ಪೈಪು ಅಳೆದು ನೋಡಿದೆ. ಗಚ್ಚಿಯಿಂದ ಕೆಳಗಿನ ಬಚ್ಚಲ ತನಕ ಪೈಪು ಮಾರುಗಟ್ಟಲೆ ಉದ್ದ, ನಾಲ್ಕು ಕಡೆ ತಿರುವು. ಬೆಳಗಾವಿಯ ಚಳಿ ನಿಮಗೆ ಗೊತ್ತೇ ಇದೆ. ಪೈಪಿಗೆ ಏನಾದರೂ ಸುತ್ತಲೇಬೇಕು. ಏನು ಸುತ್ತುವುದು?

ಅದಕ್ಕೊಂದು ಪ್ರಯೋಗ ಹೂಡಿದೆ. ನಾಲ್ಕು ಸ್ಟೀಲ್ ಲೋಟದಲ್ಲಿ ಕುದಿಯುವ ಚಹಾ. ಒಂದಕ್ಕೆ ನನ್ನ ಗಂಡ ತಮ್ಮ ಫೌಂಡ್ರಿಯಿಂದ ತಂದ ಗಾಜಿನ ಹತ್ತಿ, ಅಂದರೆ ಗ್ಲಾಸ್‌ವೂಲು. ಕಾರಖಾನೆಯ ಉಗಿ ಪೈಪಿಗೆ ಅದನ್ನೇ ಸುತ್ತುತ್ತಾರಂತೆ. ಎರಡನೆಯದಕ್ಕೆ ಥರ್ಮಾಕೋಲು. ಮೂರನೆಯದಕ್ಕೆ ಅಂಗಡಿಯವನು ಕೊಟ್ಟ ಕರೀ ರಬ್ಬರಿನ ಫೋಮು. ನಾಲ್ಕನೆಯದು ಖಾಲಿ ಇರಲಿ ಎಂದುಕೊಂಡಿದ್ದೆ. ಅಷ್ಟರಲ್ಲಿ ಅತ್ತೆ ಒಳಗಿನಿಂದ ತಮ್ಮ ಅಪ್ಪನ ಹಳೇ ಕಂಬಳಿಯ ತುಂಡು ತಂದು ಅದಕ್ಕೆ ಸುತ್ತಿದರು. ಅವರ ತವರು ಖಾನಾಪುರ. ಅಲ್ಲಿ ಮಳೆಯಲ್ಲಿ ಗದ್ದೆಗೆ ಹೋಗುವವರು ಕಂಬಳಿ ಹೊದ್ದೇ ಹೋಗುತ್ತಿದ್ದರು.

ಅರ್ಧ ತಾಸಿಗೆ ಕುಡಿದು ನೋಡಿದರೆ ಗಾಜಿನ ಹತ್ತಿಯದೇ ಬಿಸಿ. ಗಂಡ ಮೀಸೆ ತಿರುವಿದರು. ಅದನ್ನು ಮುಟ್ಟಿದ ಕೈ ತುರಿಸಿಕೊಳ್ಳುತ್ತ ನಾನೂ ಹೂಂ ಅಂದೆ. ಆಗ ಅತ್ತೆ, "ಮಳಿ ಬಂದ್ರ?" ಅಂದವರೇ ತಂಬಿಗೆ ನೀರು ತಂದು ಲೋಟಗಳ ಹೊದಿಕೆ ಮೇಲೆಲ್ಲ ಸುರಿದುಬಿಟ್ಟರು! "ದೇಸೂರ ದಾಟಿ ನಮ್ಮ ತವರ ಕಡೆ ಹೋದ್ರ ಮಳಿ ಹೆಂಗ ಹೊಡೀತೈತಿ ನಿಮಗೇನ್ ಗೊತ್ತು? ಇಲ್ಲಿ ಮಳಿನೂ ಅದರ ತಂಗಿನ. ಈಗ ಹೊಸಾ ಚಹಾ ಹಾಕು."

ಹಾಕಿದೆ. ಗಾಜಿನ ಹತ್ತಿ ನೀರು ಕುಡಿದು ಮುದ್ದೆಯಾಗಿ ಸೋತಿತು. ಥರ್ಮಾಕೋಲು ಬಿಚ್ಚಿಕೊಂಡು ಬಿತ್ತು. ಕರೀ ಫೋಮು ಗೆದ್ದಿತು. ಆಶ್ಚರ್ಯವೆಂದರೆ ತೊಯ್ದ ಕಂಬಳಿಯದು ಎರಡನೇ ನಂಬರು. "ಪೈಪಿಗೆ ಕಂಬಳಿ ಹೊದಿಸಿದ್ರ ಓಣಿ ಮಂದಿ ನಗತಾರ್ರೀ ಅತ್ತಿ" ಎಂದು ನಾನೇ ಮೊದಲು ನಕ್ಕೆ. ಅವರು ತುಂಡನ್ನು ಹಿಂಡಿ ಒಣಹಾಕಿದರು.

ಫೋಮು ಹಾಕಿಸಿದ ಮೊದಲೆರಡು ದಿನ ನೀರು ಉಗುರುಬೆಚ್ಚಗೆ ಬಂತು. ಮುಗೀತು ನನ್ನ ಕಥೆ, ಒಲೆ ಕಟ್ಟಲು ಗೌಂಡಿಯನ್ನು ಕರೆಸಬೇಕು ಅಂದುಕೊಂಡೆ. ಮೂರನೆಯ ದಿನ ನಲ್ಲಿ ತಿರುವಿದರೆ ಹಬೆ ಆಡುವ ನೀರು! ಕುಣಿಯುವುದೊಂದು ಬಾಕಿ. ರಬ್ಬರು ಪೈಪಿಗೆ ಹೊಂದಿಕೊಳ್ಳಲು ಎರಡು ದಿನ ಹಿಡಿಯುತ್ತದೆ ಎಂದು ನಾನೇ ಒಂದು ನಿಯಮ ಕಂಡುಹಿಡಿದೆ. ಅವತ್ತಿನಿಂದ ಪ್ರತಿವರ್ಷ ಎಂಟನೇ ತರಗತಿಗೆ ಅದನ್ನು ಕಲಿಸುತ್ತ ಬಂದಿದ್ದೇನೆ, ದೇವರು ಕ್ಷಮಿಸಲಿ.

ಮೊನ್ನೆಯ ಕಾಗೆಯ ಕಾರಭಾರ ನೋಡಿ ಪ್ಲಂಬರ್ ಪರಶುರಾಮನನ್ನು ಕರೆಸಿದೆ. ಆತ ಹಳೇ ಫೋಮು ಕೀಳುತ್ತ ತಿರುವಿನ ಹತ್ತಿರ ಕೈ ನಿಲ್ಲಿಸಿ, "ಅಕ್ಕಾರ, ಇದನ್ಯಾರ್ ಸುತ್ಯಾರ್ರೀ?" ಅಂದ. ಫೋಮಿನ ಕೊಳವೆ ತಿರುವಿನಲ್ಲಿ ಬಗ್ಗುವುದಿಲ್ಲ. ಅಂದು ಫೋಮು ಹಾಕಿದ ಫಿಟರ್ ಅಲ್ಲಿ ಪೈಪನ್ನು ಬರಿದೇ ಬಿಟ್ಟು, ಮೇಲೆ ಕರೀ ಟೇಪು ಹಚ್ಚಿ ಹೋಗಿದ್ದನಂತೆ. ಆ ಟೇಪನ್ನು ಯಾರೋ ಬಿಚ್ಚಿ, ಒಳಗೆ ಕಂಬಳಿ ತುಂಬಿ, ಮೇಲೆ ಹಾಲಿನ ಪಾಕೀಟು ಕತ್ತರಿಸಿ ಹೊದಿಸಿ, ಸುತಳಿಯಿಂದ ಬಿಗಿದು, ಮತ್ತೆ ಅದೇ ಟೇಪು ಸುತ್ತಿದ್ದರು. ನಾಲ್ಕೂ ತಿರುವಿಗೆ. ಫೋಮು ಪುಡಿಪುಡಿಯಾಗಿದ್ದರೂ ಕಂಬಳಿ ಗಟ್ಟಿಯಿತ್ತು.

ಒಂದು ತುಂಡು ಹಿಡಿದು ಕೆಳಗೆ ಓಡಿದೆ. ಅತ್ತೆ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಈಗ ಎಂಬತ್ತು ದಾಟಿದೆ, ಕಣ್ಣು ತಿಳಿಯಾಗಿವೆ.

"ಮೊಣಕಾಲು ನೋವು ಅಂತಿದ್ರಿ, ಗಚ್ಚಿ ಹೆಂಗ ಹತ್ತಿದ್ರೀ?"

"ಕುಂತ ಕುಂತ ಹತ್ತಿದೆ. ನೀ ಸಾಲಿಗೆ ಹೋಗಿದ್ದಿ."

"ಸುಮ್ನ ಬಿಟ್ಟಿದ್ರ ನಿಮ್ಮ ಒಲಿ ನಿಮಗ ಬರತಿತ್ತಲ್ರೀ!"

ಅವರು ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದರು. "ಒಲಿ ಬರತಿತ್ತವಾ. ಓಣಿ ತುಂಬ ಹೇಳಿಕೊಂಡು ಬಂದಿದ್ದಿ. ನಮ್ಮ ಮನಿ ಸೊಸಿ ಮಾರಿ ಸಣ್ಣದಾಗಬೇಕಿತ್ತೇನು?"

ನನಗೆ ಅಳು ಬಂತು, ನಗುವೂ ಬಂತು. ಅವರ ಬಾಜೂಕ ಕೂತು ನಾಲ್ಕು ಅವರೆಕಾಯಿ ಸುಲಿದೆ. ಮೇಲಿನಿಂದ ಪರಶುರಾಮ, "ಅಕ್ಕಾರ, ಈ ಕಂಬಳಿ ಕಸಕ್ಕ ಒಗೀಲೇನ್ರೀ?" ಎಂದು ಕೂಗಿದ.

"ಮುಟ್ಟಬ್ಯಾಡಪಾ! ಹೊಸಾ ಫೋಮು ಉದ್ದಕ್ಕಷ್ಟ ಹಾಕು. ತಿರುವು ನಮ್ಮತ್ತಿಯವು. ಈ ತುಂಡೂ ವಾಪಸ್ ಕಟ್ಟು."

ಸೋಮವಾರ ಎಂಟನೇ ತರಗತಿಗೆ ಹೋಗಿ, ಹದಿನಾಲ್ಕು ವರ್ಷ ತಪ್ಪು ಕಲಿಸಿದೆ ಎಂದು ಹೇಳಬೇಕು. ಹಾಗಾದರೆ ಮೂರನೆಯ ದಿನ ನೀರು ಹೇಗೆ ಬಿಸಿಯಾಯಿತು ಟೀಚರ್ ಎಂದು ಕೇಳದೇ ಬಿಡುವುದಿಲ್ಲ ಆ ಹುಡುಗಿಯರು. ಕೇಳಲಿ. ಅವರನ್ನೆಲ್ಲ ಮನೆಗೇ ಕರೆದುಕೊಂಡು ಬರುತ್ತೇನೆ. ಈ ಸಲ ಗಚ್ಚಿ ಹತ್ತಿಸುವುದಿಲ್ಲ, ಪಡಸಾಲೆಯಲ್ಲೇ, ಅತ್ತೆಯ ಮುಂದೆ ಕೂಡಿಸುತ್ತೇನೆ.